ಹಿಟ್ಟು ಹಂಚದ ಮದುವೆ

ಶಂಕ್ರೆವ್ವನನ್ನು ನಮ್ಮ ಓಣಿಯಲ್ಲಿ ಯಾರೂ ಹಚ್ಚಿಕೊಂಡಿರಲಿಲ್ಲ. ಆದರೆ ಅವಳನ್ನು ಕೇಳದೆ ಯಾರ ಮನೆಯಲ್ಲೂ ಮದುವೆಯ ಒಲೆ ಹೊತ್ತುತ್ತಿರಲಿಲ್ಲ. ಈ ಎರಡರ ನಡುವೆ ಏನಾದರೂ ತೊಡಕಿದೆ ಎಂದು ಅವಳಿಗೆ ಅರವತ್ತು ದಾಟುವವರೆಗೆ ಅನ್ನಿಸಿರಲಿಲ್ಲ.

ಎತ್ತರದ ಹೆಂಗಸು. ಮಗ್ಗಗಳ ಸದ್ದಿನ ಮೇಲೂ ಕೇಳಿಸುವಂಥ ದನಿ. ಮಗಳು ತೊಟ್ಟಿಲಲ್ಲಿರುವಾಗಲೇ ಗಂಡ ತೀರಿಕೊಂಡ. ಬೇರೆಯವರ ಮಗ್ಗಗಳ ಲಾಳಿಯಲ್ಲಿ ಕೂರುವ ಕಂಡಕಿಗಳಿಗೆ ನೂಲು ಸುತ್ತಿಕೊಟ್ಟು ಎರಡು ಮಕ್ಕಳನ್ನು ಬೆಳೆಸಿದಳು. ನೂಲು ಹರಿದು ಹರಿದು ಅವಳ ಎಡಗೈ ಹೆಬ್ಬೆರಳಿನ ಮೇಲೆ ಒಂದು ಗೆರೆ ಕೊರೆದಂತೆ ಉಳಿದಿತ್ತು. ಮಗ ಪರಮಾನಂದ ಈಗ ಮನೆಯ ಮುಂಭಾಗದಲ್ಲಿ ಪವರ್‌ಲೂಮು ಹಾಕಿದ್ದಾನೆ. ಕಂಡಕಿ ಸುತ್ತುವ ಕೆಲಸ ನಿಂತಿತು. ಅಪ್ಪಣೆ ಕೊಡುವ ಕೆಲಸ ನಿಲ್ಲಲಿಲ್ಲ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮದುವೆಯ ರೊಟ್ಟಿ ಒಂದೇ ಮನೆಯಲ್ಲಿ ಆಗುವುದಿಲ್ಲ. ಮದುವೆಯ ಮನೆಯವರು ಜೋಳ ಬೀಸಿಸಿ ಹಿಟ್ಟನ್ನು ಮನೆಮನೆಗೆ ಒಯ್ದು ಕೊಡುತ್ತಾರೆ. ಆಯಾ ಮನೆಯ ಹೆಂಗಸರು ರೊಟ್ಟಿ ಬಡಿದು, ಖಡಕ್ ಆಗುವಂತೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದು ಒಪ್ಪಿಸುತ್ತಾರೆ. ಹಿಟ್ಟು ಹಿಡಿದ ಮನೆಯವರು ಮದುವೆಯ ದಿನ ಬೆಳಗ್ಗೆಯೇ ಬರುತ್ತಾರೆ, ಕಾಯಿಪಲ್ಲೆ ಹೆಚ್ಚುತ್ತಾರೆ, ಪಂಕ್ತಿಗೆ ಬಡಿಸುತ್ತಾರೆ, ಕೊನೆಗೆ ತಾವು ಉಣ್ಣುತ್ತಾರೆ. ಹೀಗೆಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಯಾವ ಮನೆಗೆ ಹಿಟ್ಟು ನಾದುವ ಅಗಲವಾದ ಪರಾತ ತುಂಬ ಹಿಟ್ಟು, ಯಾವ ಮನೆಗೆ ಅದಕ್ಕಿಂತ ಕಡಿಮೆ ಎನ್ನುವುದನ್ನು ಮಾತ್ರ ಒಬ್ಬರು ಗೊತ್ತುಮಾಡಬೇಕಾಗುತ್ತದೆ. ಆ ಒಬ್ಬರು ಬಹಳ ವರ್ಷ ಶಂಕ್ರೆವ್ವನೇ ಆಗಿದ್ದಳು. ನನ್ನ ಮನೆಗೆ ಅವಳು ಎಂದೂ ಹಿಟ್ಟು ಕೊಟ್ಟವಳಲ್ಲ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅದನ್ನು ಮುಚ್ಚಿಡುವ ಮರ್ಯಾದೆಯನ್ನೂ ಅವಳು ತೋರಲಿಲ್ಲ.

ಒಮ್ಮೆ, ಯಾರದೋ ಮದುವೆಯಲ್ಲಿ, ಎದುರುಮನೆಯ ಹಾಲವ್ವ ತಂದ ರೊಟ್ಟಿಯಲ್ಲಿ ಕೆಲವು ಹೊತ್ತಿದ್ದವು, ಕೆಲವು ಒಡೆದಿದ್ದವು. ಹಾಲವ್ವನ ಗಂಡ ಆಗ ಹಾಸಿಗೆ ಹಿಡಿದಿದ್ದ. ಒಲೆ ಮುಂದೆ ಅವಳಿಗೆ ಒಂದೇ ಸಮನೆ ಕೂಡಲು ಆಗಿರಲಿಲ್ಲ. ಶಂಕ್ರೆವ್ವ ಎಲ್ಲರೆದುರು ಗಂಟು ಬಿಚ್ಚಿ ಆ ರೊಟ್ಟಿಗಳನ್ನು ಬೇರೆ ಇಟ್ಟು, ಇವು ಆಳುಗಳಿಗೆ ಇರಲಿ ಎಂದಳು. ಮುಂದಿನ ಮದುವೆಯಲ್ಲಿ ಹಾಲವ್ವನ ಮನೆಗೆ ಅರ್ಧ ಪರಾತ ಹಿಟ್ಟು ಹೋಯಿತು. ಅದರ ಮುಂದಿನದಕ್ಕೂ ಅರ್ಧವೇ. ಹಾಲವ್ವ ಅರ್ಧ ಹಿಟ್ಟಿಗೆ ಅರ್ಧ ರೊಟ್ಟಿ ಬಡಿದು ತಂದಳು, ಬಕೀಟು ಹಿಡಿದು ಬಡಿಸಿದಳು, ಉಂಡು ಹೋದಳು. ಗಂಡ ಸತ್ತ ಮೇಲೂ ಅವಳ ಪಾಲು ಅರ್ಧವೇ ಉಳಿಯಿತು.

ಶಂಕ್ರೆವ್ವನ ಮಗಳು ಮಧುಮತಿಗೆ ಮೊದಲು ತೇರದಾಳದ ಒಂದು ಮನೆತನದಲ್ಲಿ ಗಂಡು ಗೊತ್ತಾಗಿತ್ತು. ನಿಶ್ಚಯದ ದಿನ ಗಂಡಿನ ಸೋದರತ್ತೆಯೊಬ್ಬಳಿಗೆ ಆಯೇರಿ, ಅಂದರೆ ಉಡುಗೊರೆಯ ಸೀರೆ, ಉಡಿಸುವುದು ತಪ್ಪಿಹೋಯಿತು. ಆ ಹೆಂಗಸು ಮೂಲೆಯಲ್ಲಿ ಕೂತಿದ್ದಳು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಅಲ್ಲಿ ಏನೂ ಅನ್ನಲಿಲ್ಲ. ಊರಿಗೆ ಹೋಗಿ ಅಂದಳು. ಸಂಬಂಧ ಮುರಿಯಿತು. ನಿಶ್ಚಯವಾಗಿ ಬಿಟ್ಟ ಹುಡುಗಿ ಎಂಬ ಹೆಸರು ಹೊತ್ತು ಮಧುಮತಿ ಕೆಲವು ವರ್ಷ ಮನೆಯಲ್ಲೇ ಕೂತಳು. ಓಣಿಯ ಮದುವೆಗಳನ್ನೆಲ್ಲ ಸಾಗಿಸಿದವಳ ಮನೆಯಲ್ಲೇ ಹೀಗಾಯಿತೆಂಬ ಮಾತು ನೀರಿನ ನಳದ ಹತ್ತಿರ ತಿರುಗಾಡುತ್ತಿತ್ತು. ಅದನ್ನು ಶಂಕ್ರೆವ್ವ ಕೇಳಿಸಿಕೊಂಡಿದ್ದಳು.

ಆದ್ದರಿಂದ ರನ್ನ ಬೆಳಗಲಿಯಿಂದ ಎರಡನೆಯ ಸಂಬಂಧ ಬಂದಾಗ ಅವಳು ಒಂದೇ ಮಾತು ಹಿಡಿದಳು: ಬೀಗರಿಗೆ ಬೆರಳು ತೋರಿಸಲು ಒಂದು ಜಾಗ ಸಿಗಬಾರದು. ಇನ್ನೊಮ್ಮೆ ತಪ್ಪಾದರೆ ಮಗಳಿಗೆ ಮೂರನೆಯ ಮನೆ ಇಲ್ಲ. ಗಂಡಿನ ಮನೆಯವರು ಅನುಕೂಲಸ್ಥರು, ಕಬ್ಬು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ತಾಯಿ ದಾನೇಶ್ವರಿ ಕಡಿಮೆ ಮಾತಿನ, ಹೆಚ್ಚು ನೋಡುವ ಹೆಂಗಸು. ಗಂಡಿನ ದೊಡ್ಡಪ್ಪ ಹೊಳಬಸಪ್ಪ ಇದಕ್ಕೆ ತದ್ವಿರುದ್ಧ.

ಮಾಘದಲ್ಲಿ ಮದುವೆ ಗೊತ್ತಾಯಿತು. ಜಮಖಂಡಿ ರಸ್ತೆಯ ಒಂದು ಮಂಗಲ ಕಾರ್ಯಾಲಯ ಹಿಡಿದರು. ನಮ್ಮ ಓಣಿಯ ಬಹಳ ಮದುವೆಗಳಿಗೆ ಅಡಿಗೆ ಮಾಡಿದ್ದ ಜಮಖಂಡಿಯ ಹುಲೆಪ್ಪನಿಗೇ ಅಡಿಗೆ ಒಪ್ಪಿಸಿದರು. ಉಳಿದದ್ದು ರೊಟ್ಟಿ. ಒಂದು ಸಂಜೆ ಪರಮಾನಂದ ಮಗ್ಗ ನಿಲ್ಲಿಸಿ ಒಳಗೆ ಬಂದು, ಹಿಟ್ಟು ಯಾವಾಗ ಬೀಸಿಸುವುದು ಎಂದು ಕೇಳಿದ.

“ಬೀಸಸೂದಿಲ್ಲ,” ಎಂದಳು ಶಂಕ್ರೆವ್ವ. “ಮುಧೋಳದಾಗ ರೊಟ್ಟಿ ಮಾಡಿ ಮಾರ್ತಾರ. ಎಲ್ಲಾ ಒಂದ ಅಳತಿ, ಒಂದ ಬಣ್ಣ. ಅಲ್ಲೇ ಹೇಳು. ಹಾಲವ್ವನ ಕೈಯಾನ ರೊಟ್ಟಿ ಬೆಳಗಲಿ ಮಂದಿ ತಾಟಿನ್ಯಾಗ ಬೀಳೂದು ಬ್ಯಾಡ. ಬೇಕಂತ ಹೊತ್ತಿಸಿ ಕಳಸ್ತಾಳಾಕಿ.”

“ಹಂಗಾರ ಆಕಿಗಷ್ಟ ಬಿಟ್ಟು ಉಳದವರಿಗೆ ಕೊಡಬೇ.”

“ಒಬ್ಬಾಕಿಗೆ ಬಿಟ್ರ ಜಗಳ. ಎಲ್ಲಾರಿಗೂ ಬಿಟ್ರ ಯಾರಿಗೂ ಏನೂ ಇಲ್ಲ.”

ಮಾತು ಸರಿಯೆನ್ನಿಸಿತು. ಪರಮಾನಂದ ಒಪ್ಪಿದ. ತಪ್ಪು ಲೆಕ್ಕಗಳಲ್ಲಿ ಬಹಳಷ್ಟು ಹೀಗೆಯೇ ಇರುತ್ತವೆ. ಮೊದಲ ಸಲ ಕೇಳಿದಾಗ ಸರಿಯೆಂದೇ ಅನ್ನಿಸುತ್ತವೆ.

ಕರೆಯಲು ಶಂಕ್ರೆವ್ವನೇ ಮನೆಮನೆಗೆ ಹೋದಳು. ಕುಂಕುಮ ಹಚ್ಚಿ, ಕಾರ್ಡು ಕೊಟ್ಟು, ಈ ಸಲ ಹಿಟ್ಟು ಹಂಚುವುದಿಲ್ಲವೆಂದು ತಾನಾಗಿಯೇ ಹೇಳಿದಳು. ಎಲ್ಲ ಮನೆಯಲ್ಲೂ ಅದೇ ಮಾತು: ನಿಮಗ್ಯಾಕ ತ್ರಾಸ, ಸುಮ್ಮ ಬಂದು ಉಂಡು ಹೋಗ್ರಿ. ಅವಳು ಇದನ್ನು ಉಪಕಾರವೆಂದು ತಿಳಿದೇ ಹೇಳಿದಳು. ಕೇಳಿದವರ ಮನೆಗಳಲ್ಲಿ ಅದು ಉಪಕಾರವಾಗಿ ಉಳಿಯಲಿಲ್ಲ. ಶಂಕ್ರೆವ್ವನಿಗೆ ಈಗ ನಮ್ಮ ಕೈ ನಡೆಯುವುದಿಲ್ಲವಂತೆ, ಬೆಳಗಲಿಯ ದೊಡ್ಡವರು ಬರುತ್ತಾರಲ್ಲ ಎಂದು ಒಬ್ಬಳು ಅಂದಳು. ಇಷ್ಟು ವರ್ಷ ನಮ್ಮ ರೊಟ್ಟಿ ತಿರುವಿ ತಿರುವಿ ನೋಡಿದ್ದು ಇದಕ್ಕೇ ಎಂದು ಇನ್ನೊಬ್ಬಳು. ಕೊನೆಗೆ ಅವಳು ಹಾಲವ್ವನ ಮನೆಗೆ ಹೋದಳು. ಹಾಲವ್ವ ಕುಂಕುಮ ಹಚ್ಚಿಸಿಕೊಂಡು, ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು.

“ಆತು ಬಿಡಕ್ಕಾ. ಬಂದು ಉಂಡು ಹೋಗ್ತೀವಿ,” ಎಂದಳು.

ಮದುವೆಯ ದಿನ ಶಂಕ್ರೆವ್ವ ಎಲ್ಲವನ್ನೂ ಎರಡೆರಡು ಸಲ ನೋಡಿದಳು. ಗಂಡಿನ ಕಡೆಯ ಒಬ್ಬೊಬ್ಬ ಹೆಂಗಸಿಗೂ ಆಯೇರಿ ಮುಟ್ಟಿತೇ ಎಂದು ಮೂಲೆಗಳನ್ನೆಲ್ಲ ಹುಡುಕಿದಳು. ಮೂಲೆಯಲ್ಲಿ ಕೂತವರನ್ನು ಎಬ್ಬಿಸಿ ಕರೆತಂದು ಸೀರೆ ಉಡಿಸಿದಳು. ತೇರದಾಳದ ತಪ್ಪು ಮತ್ತೆ ಆಗದಂತೆ ಅವಳು ಕಾದಳು. ಮನುಷ್ಯರು ಸಾಮಾನ್ಯವಾಗಿ ಹಿಂದೆ ಬಿದ್ದ ತಗ್ಗನ್ನೇ ಕಾಯುತ್ತಾರೆ. ಮುಧೋಳದ ರೊಟ್ಟಿಗಳು ಬಂದಿದ್ದವು, ಒಂದೇ ಅಳತೆ, ಒಂದೇ ಬಣ್ಣ. ಹುಲೆಪ್ಪನ ಗೋಧಿ ಹುಗ್ಗಿ ಹದವಾಗಿತ್ತು. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಎಲ್ಲ ಸಿದ್ಧ. ಬೆಳಗ್ಗೆ ಕಾಯಿಪಲ್ಲೆಯನ್ನು ಹುಲೆಪ್ಪನ ಕೆಲಸದವರೇ ಹೆಚ್ಚಿ ಮುಗಿಸಿದ್ದರಿಂದ ಓಣಿಯವರು ಬಂದಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಅಕ್ಷತೆ ಹೊತ್ತಿಗೆ ಸರಿಯಾಗಿ ಬಿತ್ತು. ಮಧುಮತಿ ತಲೆ ಎತ್ತಿ ತಾಯಿಯ ಕಡೆ ನೋಡಿ ನಕ್ಕಳು. ಶಂಕ್ರೆವ್ವ ಅಂದು ಮೊದಲ ಸಲ ಕೂತಳು.

ಊಟದ ಕೋಣೆಯ ಬಾಗಿಲು ತೆರೆದರು. ಬೆಳಗಲಿಯವರು ಒಂದು ಬದಿಯ ಟೇಬಲ್ಲುಗಳ ಮುಂದೆ ಕೂತರು. ಇನ್ನೊಂದು ಬದಿಗೆ ನಮ್ಮ ಓಣಿಯವರು ಕೂತರು. ಮಡಿಕೆ ಮುರಿಯದ ಅಂಗಿ, ರೇಷ್ಮೆ ಸೀರೆ. ಅವರು ಮೊದಲ ಪಂಕ್ತಿಗೇ ಕೂತದ್ದನ್ನು ನಾನು ಅಲ್ಲಿಯವರೆಗೆ ಯಾವ ಮದುವೆಯಲ್ಲೂ ಕಂಡಿರಲಿಲ್ಲ.

ಸ್ವಲ್ಪ ಹೊತ್ತು ಯಾರಿಗೂ ಏನೂ ತಿಳಿಯಲಿಲ್ಲ. ಮಾತು, ನಗು, ಮಕ್ಕಳ ಗಲಾಟೆ. ಆಮೇಲೆ ಮಾತು ಕಡಿಮೆಯಾಯಿತು. ಟೇಬಲ್ಲುಗಳ ಮೇಲೆ ತಾಟಿರಲಿಲ್ಲ, ನೀರಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹುಗ್ಗಿಯ ಕೊಳಗ ಹಬೆಯಾಡುತ್ತ ಇತ್ತು, ಅದರ ಪಕ್ಕ ಬಕೀಟುಗಳು ಸಾಲಾಗಿದ್ದವು. ಎತ್ತುವವರು ಇರಲಿಲ್ಲ.

ಪರಮಾನಂದ ಒಳಗೆ ಓಡಿ, ಬಡಿಸುವವರು ಎಲ್ಲಿ ಎಂದು ಹುಲೆಪ್ಪನನ್ನು ಕೇಳಿದ. ಹುಲೆಪ್ಪ ಸೌಟು ಕೆಳಗಿಟ್ಟು ಅವನನ್ನೇ ನೋಡಿದ. ಅವನೂ ಅವನ ಇಬ್ಬರು ಕೆಲಸದವರೂ ಎರಡನೆಯ ಪಂಕ್ತಿಯ ಅನ್ನಕ್ಕೆ ನೀರಿಟ್ಟಿದ್ದರು.

“ಅಡಗಿ ನಂದ್ರಿ. ಬಡಸಾವ್ರು ಯಾವಾಗೂ ನಿಮ್ಮವರ ಇರ್ತಾರಲ್ರಿ.”

ಅವನ ತಪ್ಪಿರಲಿಲ್ಲ. ಕೇಳಬೇಕೆಂದು ಅವನಿಗೆ ತೋಚಲಿಲ್ಲ, ಹೇಳಬೇಕೆಂದು ಇವರಿಗೆ ತೋಚಲಿಲ್ಲ. ಅಷ್ಟು ವರ್ಷಗಳಲ್ಲಿ ಬಡಿಸುವವರು ಯಾರು ಎಂಬ ಪ್ರಶ್ನೆ ನಮ್ಮ ಓಣಿಯ ಒಂದು ಮದುವೆಯಲ್ಲೂ ಹುಟ್ಟಿರಲಿಲ್ಲ. ಹಿಟ್ಟು ಹೋದ ಮನೆಗಳಿಂದ ಅವರು ಬರುತ್ತಿದ್ದರು. ಈ ಸಲ ಯಾವ ಮನೆಗೂ ಹಿಟ್ಟು ಹೋಗಿರಲಿಲ್ಲ.

ಶಂಕ್ರೆವ್ವ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಹೇಳಿ ತಿಳಿಸಬೇಕಾಗಲಿಲ್ಲ. ಬರಿದಾದ ಟೇಬಲ್ಲುಗಳನ್ನು ನೋಡಿದಳು, ಓಣಿಯವರ ಸಾಲನ್ನು ನೋಡಿದಳು. ಪಂಕ್ತಿ ಬಡಿಸುವುದರಲ್ಲಿ ಎಲ್ಲರಿಗಿಂತ ಚುರುಕಾದ, ಹಾಲವ್ವನ ಮಗ ಅಮಿತ, ಮಡಚಿದ ಕೈ ಬಿಚ್ಚದೆ ಕೂತಿದ್ದ. ಅಷ್ಟರಲ್ಲಿ ಪರಮಾನಂದ ಬೀಗರ ಹತ್ತಿರ ಹೋಗಿ, ತಾಟು ಇಲ್ಲಿಡುತ್ತೇವೆ, ಎಲ್ಲರೂ ಬಂದು ನೀಡಿಸಿಕೊಂಡು ಹೋದರೆ ಬೇಗ ಆಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

“ಬೀಗರ ಕೈಯಾಗ ತಾಟ ಕೊಟ್ಟು ಪಾಳಿಗಿ ನಿಂದರಸ್ತೀ ಏನೋ ತಮ್ಮಾ?” ಎಂದ ಹೊಳಬಸಪ್ಪ, ಇಡೀ ಕೋಣೆಗೆ ಕೇಳಿಸುವಂತೆ. “ನಾವು ಊಟಕ್ಕ ಬಂದೀವೋ, ರೇಷನ್ನಿಗಿ ಬಂದೀವೋ?”

ಬೆಳಗಲಿಯ ಕಡೆ ಕೆಲವರು ನಕ್ಕರು. ದಾನೇಶ್ವರಿ ನಗಲಿಲ್ಲ. ಮಧುಮತಿ ಗಂಡನ ಪಕ್ಕದಲ್ಲಿ ಕೂತು ತನ್ನ ಕೈಯ ಮದರಂಗಿ ನೋಡುತ್ತಿದ್ದಳು.

ಶಂಕ್ರೆವ್ವ ಹಾಲವ್ವನ ಮುಂದೆ ಹೋಗಿ ನಿಂತಳು. ಅವಳು ಎಷ್ಟೋ ಮಂದಿಗೆ ಹೇಳಿದವಳು, ಯಾರನ್ನೂ ಕೇಳಿಕೊಂಡವಳಲ್ಲ. ಕೇಳಿಕೊಳ್ಳುವ ಮಾತು ಅವಳ ಬಾಯಿಗೆ ಸರಿಯಾಗಿ ಬರಲೂ ಇಲ್ಲ.

“ಹಾಲವ್ವಾ, ಅಮಿತಗ ಏಳಂತ ಹೇಳು.”

ಹಾಲವ್ವ ಮೇಲೆ ನೋಡಿದಳು. ದನಿ ಏರಿಸಲಿಲ್ಲ.

“ಇವತ್ತ ನಾವು ಕರದ ಮಂದಿ, ಶಂಕ್ರಕ್ಕಾ. ಹಿಟ್ಟ ಹಿಡದವರು ಬಡಸ್ತಾರ, ಕರದವರು ಉಣ್ತಾರ. ಬಂದು ಉಂಡು ಹೋಗ್ರಿ ಅಂತ ನೀನ ಹೇಳಿದೀ. ಬಂದೀವಿ.”

ಸಾಲಿನಲ್ಲಿ ಯಾರೂ ಏಳಲಿಲ್ಲ. ಕೆಲವರು ನೆಲ ನೋಡಿದರು, ಒಬ್ಬಳು ಸೆರಗು ಸರಿಮಾಡಿಕೊಂಡಳು. ಶಂಕ್ರೆವ್ವ ಆಯೇರಿ ಬಂದ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡಿಗೆಮನೆಗೆ ಹೋಗಿ ಬಕೀಟು ಎತ್ತಿದಳು. ಹೆಣ್ಣು ಹೆತ್ತವಳು ತನ್ನ ಮಗಳ ಮದುವೆಯಲ್ಲಿ ಬಕೀಟು ಹಿಡಿಯುವುದನ್ನು ನಮ್ಮ ಕಡೆ ಯಾರೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ.

ಪರಮಾನಂದ, ರಬಕವಿಯಿಂದ ಬಂದಿದ್ದ ಅವಳ ತಮ್ಮ ಕರೆಪ್ಪ, ಮಗ್ಗದ ಇಬ್ಬರು ಕೆಲಸಗಾರರು, ಇಷ್ಟೇ ಕೈ. ಯಾರಿಗೂ ಅಭ್ಯಾಸವಿರಲಿಲ್ಲ. ರೊಟ್ಟಿ ಬಂದಲ್ಲಿಗೆ ಪಲ್ಯ ಬರಲಿಲ್ಲ. ಕೊನೆಯ ಟೇಬಲ್ಲಿಗೆ ಹುಗ್ಗಿ ಮುಟ್ಟುವಷ್ಟರಲ್ಲಿ ಆರಿ ಮುದ್ದೆಯಾಗಿತ್ತು, ಹಾಲು ತುಪ್ಪ ಹಿಂದೆ ಎಲ್ಲೋ ಉಳಿದಿದ್ದವು. ಬೆಳಗಲಿಯ ಹಿರಿಯರು ಅರ್ಧ ಉಂಡು ಕೈ ತೊಳೆದರು. ಓಣಿಯವರಿಗೂ ಬಡಿಸಿದರು. ಓಣಿಯವರು ತಾಟಿಗೆ ಬಿದ್ದದ್ದನ್ನು ಉಂಡು, ಗಂಡುಹೆಣ್ಣಿಗೆ ಉಡುಗೊರೆ ಕೊಟ್ಟು, ಮರ್ಯಾದೆಯಿಂದ ಹೋದರು. ಮರ್ಯಾದೆಯಲ್ಲಿ ಅವರ ಕಡೆಯಿಂದ ಏನೂ ಕಡಿಮೆಯಾಗಲಿಲ್ಲ.

ಹೊರಡುವಾಗ ದಾನೇಶ್ವರಿ ಶಂಕ್ರೆವ್ವನ ಹತ್ತಿರ ಬಂದಳು. ಸೀರೆಯ ಮೇಲೆ ಬಿದ್ದ ಹುಗ್ಗಿಯ ಕಲೆಯನ್ನು ನೋಡಿದಳು.

“ಬೀಗತೇರ, ನಿಮ್ಮ ಓಣ್ಯಾಗ ನಿಮಗ ಯಾರೂ ಇಲ್ಲೇನ್ರಿ?”

ಅದು ಕೊಂಕಾಗಿರಲಿಲ್ಲ, ತಿಳಿದುಕೊಳ್ಳಲು ಕೇಳಿದ ಪ್ರಶ್ನೆ.

ಮದುವೆ ಮುರಿಯಲಿಲ್ಲ, ಅಕ್ಷತೆ ಬಿದ್ದಾಗಿತ್ತು. ಆದರೆ ಮಧುಮತಿ ತವರಿಗೆ ಬರುವುದು ನಿಂತಿತು. ಹೊಸ ಮದುಮಗಳು ಮೊದಲ ತಿಂಗಳುಗಳಲ್ಲಿ ಹೋಗಿ ಬಂದು ಮಾಡುವುದು ಎಲ್ಲ ಕಡೆಯ ರೂಢಿ. ಯುಗಾದಿಗೆ ಕರೆಯಲು ಪರಮಾನಂದ ಬೆಳಗಲಿಗೆ ಹೋದ. ಚಹಾ ಕುಡಿಸಿ ಕಳಿಸಿದರು. ಅತ್ತೆ ಏನೆಂದಳು ಎನ್ನುವುದನ್ನು ಮಧುಮತಿಯೇ ಫೋನಿನಲ್ಲಿ ತಾಯಿಗೆ ಹೇಳಿದಳು. ಹೆತ್ತ ಮನೆಯ ಹಿಂದೆ ಒಂದು ಓಣಿ ಇರಬೇಕು, ಓಣಿ ಬಿಟ್ಟ ಮನೆಗೆ ಸೊಸೆಯನ್ನು ಯಾವ ಧೈರ್ಯದ ಮೇಲೆ ಕಳಿಸಲಿ ಎಂದಿದ್ದಳಂತೆ. ಹೊಳಬಸಪ್ಪ ಊಟಕ್ಕೆ ಕೂತಾಗಲೆಲ್ಲ, ಬಡಸಾವ್ರು ಅದಾರೋ, ಬನಹಟ್ಟಿಯಿಂದ ಕರಸೂನೋ ಎಂದು ಕೇಳುತ್ತಿದ್ದನಂತೆ. ಇಷ್ಟು ಹೇಳಿ ಮಧುಮತಿ, ಎವ್ವಾ, ನೀ ಏನರ ಮಾಡು ಎಂದಳು.

ವೈಶಾಖದಲ್ಲಿ ಹಾಲವ್ವನ ಮಗ ಅಮಿತನಿಗೆ ಬೀಳಗಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಹಾಲವ್ವ ಜೋಳ ಬೀಸಿಸಿದಳು. ಹಂಚಲು ಶಂಕ್ರೆವ್ವನನ್ನು ಕೇಳಲಿಲ್ಲ. ತಾನೇ ಹೊತ್ತು ಮನೆಮನೆಗೆ ಕೊಟ್ಟಳು. ಶಂಕ್ರೆವ್ವ ತನ್ನ ಪರಾತವನ್ನು ತಿಕ್ಕಿ ಬೆಳಗಿ, ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಹಾಲವ್ವ ಅವಳ ಬಾಗಿಲು ದಾಟಿ ಹೋದಳು. ಮರುದಿನವೂ ಶಂಕ್ರೆವ್ವ ಕೂತಳು. ಪರಮಾನಂದನಿಗೆ ನಾಚಿಕೆಯಾಯಿತು.

“ಒಳಗ ಬಾರಬೇ. ಮಂದಿ ನೋಡಾಕತ್ತಾರ.”

“ನೋಡ್ಲಿ. ನೋಡ್ಲಿ ಅಂತ ಕುಂತೇನಿ.”

ಉಳಿದ ಮನೆಗಳಿಗೆಲ್ಲ ಹಿಟ್ಟು ಮುಟ್ಟಿತು. ಒಲೆಗಳ ಹೊಗೆ ಎದ್ದಿತು, ರೊಟ್ಟಿ ಬಡಿಯುವ ಸದ್ದು ಮಗ್ಗದ ಸದ್ದಿನೊಂದಿಗೆ ಸೇರಿತು. ಆಗ ಶಂಕ್ರೆವ್ವ ಎದ್ದು, ಬರಿದಾದ ಪರಾತ ಹಿಡಿದು ರಸ್ತೆ ದಾಟಿದಳು. ನಡುಮಧ್ಯಾಹ್ನ, ಕಟ್ಟೆಕಟ್ಟೆಗೂ ಜನರಿದ್ದರು. ಹಿಟ್ಟನ್ನು ಒಯ್ದು ಕೊಡುತ್ತಾರೆಯೇ ಹೊರತು ಯಾರೂ ಹೋಗಿ ಬೇಡುವುದಿಲ್ಲ. ಬೇಡುವುದೆಂದರೆ ತನ್ನನ್ನು ಬಿಟ್ಟಿದ್ದಾರೆಂದು ತಾನೇ ಸಾರಿದಂತೆ. ಅವಳು ಹಾಲವ್ವನ ಹೊಸ್ತಿಲ ಹೊರಗೆ ನಿಂತಳು.

“ಹಿಟ್ಟ ಕೊಡು,” ಎಂದಳು.

“ಮುಗದೈತಿ.”

ಶಂಕ್ರೆವ್ವ ಹೋಗಲಿಲ್ಲ. ಪರಾತ ಹಿಡಿದೇ ನಿಂತಳು. ಹಾಲವ್ವ ಬೇರೆ ಕೆಲಸ ನೋಡಿದಳು, ಒಳಗೆ ಹೋದಳು, ಹೊರಗೆ ಬಂದಳು. ನಿಂತವಳು ನಿಂತೇ ಇದ್ದಳು. ಕೊನೆಗೆ ಹಾಲವ್ವ ಡಬ್ಬಿ ತಂದು ಪರಾತಕ್ಕೆ ಸುರಿದಳು. ಅರ್ಧಕ್ಕೆ ಕೈ ನಿಲ್ಲಿಸಿದಳು. ಡಬ್ಬಿಯಲ್ಲಿ ಇನ್ನೂ ಹಿಟ್ಟಿತ್ತು, ಅದು ಇಬ್ಬರಿಗೂ ಕಾಣಿಸುತ್ತಿತ್ತು.

“ಇಷ್ಟ. ಸಾಕೇನು?”

“ಸಾಕು. ನಿನಗೂ ಇಷ್ಟ ಕೊಡ್ತಿದ್ದೆ.”

ಹಾಲವ್ವ ಡಬ್ಬಿಯ ಮುಚ್ಚಳ ಹಾಕಿದಳು.

“ಒಡದ ರೊಟ್ಟಿ ತರಬ್ಯಾಡ ಮತ್ತ. ಆಳಿಗಿ ತಗದಿಡಬೇಕಾಕ್ಕೈತಿ.”

ಶಂಕ್ರೆವ್ವ ಬಡಿದಳು. ಒಡೆದದ್ದನ್ನು, ಬಣ್ಣ ಹೆಚ್ಚಾದದ್ದನ್ನು ತನ್ನ ಮನೆಗೆ ಇಟ್ಟುಕೊಂಡು, ಅಷ್ಟಕ್ಕೆ ಬೇಕಾದ ಹಿಟ್ಟನ್ನು ತನ್ನ ಡಬ್ಬಿಯಿಂದ ತುಂಬಿಸಿದಳು ಎಂದು ಪರಮಾನಂದ ಆಮೇಲೆ ನನಗೆ ಹೇಳಿದ. ಗಂಟು ಒಯ್ದು ಕೊಟ್ಟಾಗ ಹಾಲವ್ವ ಎಲ್ಲರೆದುರೇ ಬಿಚ್ಚಿದಳು. ಮೇಲಿನದನ್ನು ತಿರುವಿ ನೋಡಿದಳು, ನಡುವಿನದನ್ನು ಎಳೆದು ಬೆಳಕಿಗೆ ಹಿಡಿದಳು. ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಹಾಲವ್ವ ಆ ರೊಟ್ಟಿಗಳನ್ನು ಉಳಿದವುಗಳ ರಾಶಿಗೆ ಸೇರಿಸಿದಳು.

ಮದುವೆಗೆ ಬೆಳಗಲಿಯವರಿಗೂ ಕರೆ ಹೋಗಿತ್ತು. ಓಣಿಯ ಒಂದು ಮನೆಯ ಬೀಗರನ್ನು ಓಣಿಯ ಎಲ್ಲ ಮನೆಯವರೂ ಕರೆಯುತ್ತಾರೆ. ಹಾಲವ್ವ ಅದನ್ನು ತಪ್ಪಿಸಲಿಲ್ಲ. ದಾನೇಶ್ವರಿ ಸೊಸೆಯನ್ನು ಕರೆದುಕೊಂಡು ಬಂದಳು. ಹೊಳಬಸಪ್ಪ ಬರಲಿಲ್ಲ, ಅವನಿಗೆ ಮೊಣಕಾಲು ನೋವು.

ಊಟಕ್ಕೆ ಕೂತಾಗ ದಾನೇಶ್ವರಿ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಓಣಿಯ ಗಂಡಸರು ಹೆಂಗಸರು ಬಕೀಟು ಹಿಡಿದು ಓಡಾಡುತ್ತಿದ್ದರು. ಪರಮಾನಂದ ರೊಟ್ಟಿಯ ಬುಟ್ಟಿ ಹಿಡಿದಿದ್ದ. ಯಾರೋ ಅವನಿಗೆ, ಏ ಪರಮ್ಯಾ, ಈ ಸಾಲಿಗಿ ಯಾವಾಗ ಬರ್ತೀಲೇ ಎಂದು ಕೂಗಿದರು. ಹುಗ್ಗಿಯ ಬಕೀಟು ಹಿಡಿದು ಶಂಕ್ರೆವ್ವ ಬಂದಳು. ಹಿಂದೆಯೇ ತುಪ್ಪದ ತಂಬಿಗೆ ಹಿಡಿದು ಹಾಲವ್ವನ ತಂಗಿ ನಂದಾ. ಮದುವೆಯ ಮನೆಯವಳಾದ್ದರಿಂದ ಹಾಲವ್ವ ಮಾತ್ರ ಬಾಗಿಲಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದಳು.

“ಹುಗ್ಗಿ ಹಾಕ್ಲೇನ್ರಿ ಬೀಗತೇರ?”

“ಹಾಕ್ರಿ,” ಎಂದಳು ದಾನೇಶ್ವರಿ. ಮುಂದಿನವರಿಗೆ ಬಡಿಸುತ್ತ ಹೋದ ಶಂಕ್ರೆವ್ವನ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಉಂಡಳು.

ಆ ದಿನ ಬೀಗರು ಮಧುಮತಿಯನ್ನು ತವರಿನಲ್ಲಿ ಬಿಟ್ಟು ಹೋಗಲಿಲ್ಲ. ಸಂಜೆ ಹೊರಡುವಾಗ ಶಂಕ್ರೆವ್ವನ ಮನೆಗೆ ಬಂದು ಕುಂಕುಮ ಹಚ್ಚಿಸಿಕೊಂಡು, ನಾಗರಪಂಚಮಿಗೆ ಕಳಿಸುತ್ತೇವೆ ಎಂದು ದಾನೇಶ್ವರಿ ಹೇಳಿದಳು. ಪಂಚಮಿಗೆ ಮಧುಮತಿ ಬಂದಳು. ಒಂದೇ ರಾತ್ರಿ ಇದ್ದು ಹೋದಳು.

ಓಣಿಯ ಮದುವೆಗಳಿಗೆ ಈಗ ಹಿಟ್ಟು ಹಂಚುವವಳು ಹಾಲವ್ವ. ಕಾರ್ಯಾಲಯ ಹಿಡಿದರೂ, ಅಡಿಗೆಗೆ ಹೊರಗಿನವರಿಗೆ ಹೇಳಿದರೂ, ಹಿಟ್ಟು ಹಂಚುವುದನ್ನು ಯಾರೂ ಬಿಡುವುದಿಲ್ಲ. ಶಂಕ್ರೆವ್ವನ ಬಾಗಿಲಿಗೂ ಬರುತ್ತದೆ. ಅರ್ಧ ಪರಾತ. ಅವಳು ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಇನ್ನಷ್ಟು ಕೊಡೆಂದು ಕೇಳುವುದಿಲ್ಲ. ಹಾಲವ್ವನೂ ಈವರೆಗೆ ಹೆಚ್ಚು ಸುರಿದಿಲ್ಲ.